ಮೋಟಾರುಗಾಡಿಯ ನಿತ್ಯಕರ್ಮ

ಕರ್ಮಗಳಲ್ಲಿ ನಿತ್ಯವೆಂದೂ ನೈಮಿತ್ತಿಕವೆಂದೂ ಭೇದವುಂಟಷ್ಟೆ. ಸಂಧ್ಯಾವಂದನೆಯು ನಿತ್ಯ, ಗ್ರಹಣಸ್ನಾನವು ನೈಮಿತ್ತಿಕ. ನಮ್ಮ ಗೃಹಸ್ಥರು ಮೋಟಾರುಗಾಡಿಯ ವಿಷಯದಲ್ಲಿ ಎರಡನೆಯದನ್ನು ಮಾತ್ರ ಬಲ್ಲರು. ಗಾಡಿ ನಿಂತರೆ ಮಿಸ್ತ್ರಿಯನ್ನು ಕರೆಯುವರು, ನಡೆಯುತ್ತಿದ್ದರೆ ಸುಮ್ಮನಿರುವರು. ಸರ್ವಿಸು ಎಂಬುದಾದರೋ ಗಾಡಿ ನೆಟ್ಟಗಿರುವಾಗಲೇ ಮಾಡತಕ್ಕ ಕರ್ಮ.

ಇದು ನಮ್ಮ ಹಿರಿಯರಿಗೆ ಹೊಸತಲ್ಲ. ಹಳಿಯಾಳದ ಸಂತೆಗೆ ಬರುತ್ತಿದ್ದ ಚಕ್ಕಡಿಗಳ ಕೆಳಗೆ ಕೀಲೆಣ್ಣೆಯ ಬಿದಿರುಗೊಟ್ಟ ತೂಗಾಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅಚ್ಚು ಕಿರುಗುಟ್ಟುವ ಮೊದಲೇ ಎಣ್ಣೆ ಹಾಕುವವನು ಜಾಣ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಲ್ಲಿ ಮಡಕೆ, ತೊಗಲು, ಬಂಡಿಯ ಅಚ್ಚು ಇವು ಎಣ್ಣೆಯಿಂದ ಗಟ್ಟಿಯಾಗುವ ದೃಷ್ಟಾಂತವಿದೆ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ 'ಸ್ನೇಹ'ವೆಂಬ ಒಂದೇ ಶಬ್ದವಿರುವುದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಅದರ ಪೂರ್ಣಾರ್ಥವು ಹೊಳೆದದ್ದು ಮಾತ್ರ ಗ್ಯಾರೇಜಿನಲ್ಲಿ.

ನನ್ನ ಮಗಳನ್ನು ಜೋಯಿಡಾದ ಆಚೆ ಕುಂಬಾರವಾಡದ ಕಡೆಗೆ ಕೊಟ್ಟಿದೆ. ಅಳಿಯಂದಿರು ಒಂದು ದಿನ, "ಮಾವನವರೇ, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡದ ಗಾಡಿಗೆ ಸರ್ವಿಸು ಏತಕ್ಕೆ?" ಎಂದರು. ಅವರ ಗಾಡಿಯ ಕೈಪಿಡಿಯನ್ನು ತೆಗೆಯಿಸಿದೆನು. ಅದು ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು! ಅದರಲ್ಲಿ 10,000 ಕಿಲೋಮೀಟರು ಅಥವಾ 12 ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದು ಎಂದು ಸ್ಪಷ್ಟವಾಗಿ ಬರೆದಿತ್ತು. ಹತ್ತಿರದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎಂಜಿನು ಪೂರ್ತಿ ಕಾಯುವುದಿಲ್ಲ; ಒಳಗಿನ ನೀರಿನ ಹಬೆಯೂ ಉರಿಯದ ಪೆಟ್ರೋಲೂ ಎಣ್ಣೆಯಲ್ಲಿ ಸೇರಿ ಉಳಿಯುವುವು. ಆದುದರಿಂದ ಕಡಿಮೆ ಓಡಿದ ಗಾಡಿಯ ಎಣ್ಣೆಯೂ ಮುಪ್ಪಾಗುವುದು.

ಆ ಎಣ್ಣೆಯನ್ನು ಇಳಿಸುವಾಗ ಎದುರಿಗೆ ನಿಂತು ನೋಡಬೇಕು. ಅದು ಕಪ್ಪಾಗಿರುವುದು ದೋಷವಲ್ಲ. ಮಸಿಯನ್ನು ತನ್ನಲ್ಲಿ ಹೊತ್ತುಕೊಳ್ಳುವುದೇ ಅದರ ಕೆಲಸ. ಎಣ್ಣೆಯ ಜೊತೆಗೆ ಅದರ ಫಿಲ್ಟರನ್ನೂ ಬದಲಿಸುವರು. ಗಾಳಿಯ ಫಿಲ್ಟರನ್ನು ತೆರೆದರೆ ಮುಂಡಗೋಡದ ಬಯಲಿನ ಬೇಸಗೆಯ ಧೂಳೆಲ್ಲ ಅಲ್ಲಿರುವುದು. ಚಕ್ರ, ಬ್ಯಾಟರಿ, ದೀಪ, ವೈಪರುಗಳ ಪರೀಕ್ಷೆ ಬೇಗನೆ ಮುಗಿಯತಕ್ಕದ್ದು.

ಬ್ರೇಕಿನ ವಿಷಯವನ್ನು ಮಾತ್ರ ಹಾಗೆ ಮುಗಿಸಲಾಗದು. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯವರು ಕುಟುಂಬಸಮೇತರಾಗಿ ಕಾರವಾರಕ್ಕೆ ಹೊರಟಿದ್ದರು. ದಾಂಡೇಲಿ, ಗಣೇಶಗುಡಿ, ಜೋಯಿಡಾಗಳನ್ನು ದಾಟುವವರೆಗೆ ಯಾವ ತೊಂದರೆಯೂ ಇರಲಿಲ್ಲ. ಅಣಶಿ ಘಟ್ಟದ ಇಳಿಜಾರಿನಲ್ಲಿ ಪೆಡಲು ಪಾದದಡಿಯಲ್ಲಿ ಮೆತ್ತಗಾಗಿ ಕುಸಿಯಿತು. ಹಿಂದಿನ ಆಸನದಲ್ಲಿ ಆರು ತಿಂಗಳ ಕೂಸು. ಅವರು ಎದೆಗೆಡದೆ ಗೇರನ್ನಿಳಿಸಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದರು. ಒಂದು ತಾಸು ತಣಿದ ಬಳಿಕ ಬ್ರೇಕು ಮೊದಲಿನಂತೆಯೇ ಹಿಡಿಯಿತು. ಇದೇ ಅದರ ಮೋಸ.

ಕಾರಣವಿಷ್ಟೆ. ಪಾದದ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಜೋಯಿಡಾದಂತಹ ಮಳೆಯ ಸೀಮೆಯಲ್ಲಿ ತೇವಕ್ಕೇನು ಕೊರತೆ? 'ಡಾಟ್ 4' ಎಂಬ ಜಾತಿಯ ಹೊಸ ದ್ರವವು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ; ನೀರು ಬೆರೆತ ದ್ರವಕ್ಕೆ ಈ ಮಿತಿಯು 155 ಡಿಗ್ರಿ ಮಾತ್ರ. ಘಟ್ಟವಿಳಿಯುವಾಗ ಒತ್ತಿಯೇ ಹಿಡಿದ ಬ್ರೇಕು ಕಾದು ದ್ರವವು ಕುದಿದರೆ ಹಬೆಯಾಗುವುದು. ಹಬೆಯು ಒತ್ತಿದಷ್ಟೂ ಕುಗ್ಗುವುದರಿಂದ ಪಾದದ ಬಲವು ಚಕ್ರವನ್ನು ಮುಟ್ಟದು. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸುವುದಕ್ಕೆ ತಗಲುವ ಹಣವು ಅಲ್ಪ. ಜೊತೆಗೆ, ಯಾವ ಗೇರಿನಲ್ಲಿ ಘಟ್ಟವನ್ನು ಹತ್ತುವೆವೋ ಅದರಲ್ಲಿಯೇ ಇಳಿಯತಕ್ಕದ್ದು. ಬ್ರೇಕಿನ ಪ್ಯಾಡುಗಳು ಎಷ್ಟು ಸವೆದಿವೆಯೆಂದು ಚಕ್ರ ಬಿಚ್ಚಿಸಿ ಕಣ್ಣಾರೆ ನೋಡಬೇಕು.

ಇನ್ನು ಬಿಲ್ಲಿನ ಪ್ರಕರಣ. 'ಉಚಿತ ಸರ್ವಿಸು' ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ. ಎಣ್ಣೆ, ಫಿಲ್ಟರುಗಳಿಗೆ ಹಣ ಕೊಡಬೇಕು. ಲೇಪನ, ಎಂಜಿನಿನ ವಿಶೇಷ ಶುದ್ಧಿ ಎಂದು ಮುಂತಾಗಿ ಹಲವನ್ನು ಸೇರಿಸಲು ಕೇಳುವರು. "ಇದು ಕೈಪಿಡಿಯಲ್ಲಿದೆಯೇ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳುತ್ತೇನೆ, ಮೇಷ್ಟರ ಧ್ವನಿಯಲ್ಲಿ ಕೇಳಿದರೆ ಅರ್ಧ ಬಿಲ್ಲು ಇಳಿಯುವುದುಂಟು. ತೆಗೆದ ಹಳೆಯ ಭಾಗಗಳನ್ನು ತೋರಿಸೆಂದು ಕೇಳುವುದಕ್ಕೂ ಸಂಕೋಚ ಬೇಡ.

ಅಳಿಯಂದಿರ ಗಾಡಿಗೆ ಬ್ರೇಕಿನ ದ್ರವ ಹಾಕಿಸಿ ಮೂರು ವರ್ಷವಾಗಿತ್ತು. ಬರುವ ಮಳೆಗಾಲಕ್ಕೆ ಮುಂಚೆ ಬದಲಿಸಬೇಕೆಂದು ಮಗಳು ಪಂಚಾಂಗದ ವೈಶಾಖದ ಪುಟದಲ್ಲಿ ಕೆಂಪು ಗುರುತು ಹಾಕಿಟ್ಟಿದ್ದಾಳೆ.