ಕಲೆಯ ಮೇಲೊಂದು ಕಸಿ

ಪುತ್ತೂರಿನವರಾದ ನಮಗೆ 'ಕಸಿ' ಎಂದೊಡನೆ ನೆನಪಾಗುವುದು ಗೇರುಗಿಡ. 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರವಿರುವ ಊರಲ್ಲವೆ ಇದು! ಆದುದರಿಂದ 'ಕೂದಲಿನ ಕಸಿ' ಎಂಬ ಮಾತನ್ನು ಮೊದಲ ಸಲ ಕೇಳಿದಾಗ ಕನ್ನಡದ ಉಪನ್ಯಾಸಕನಾದ ನನಗೆ ನಗೆಯೇ ಬಂದಿತ್ತು. ಬಕ್ಕತಲೆಯ ಸಹೋದ್ಯೋಗಿಯೊಬ್ಬರನ್ನು ಅದೇ ನೆಪದಲ್ಲಿ ಛೇಡಿಸಿಯೂ ಇದ್ದೆ. ತಂಗಿಯ ವಿಚಾರ ಬಂದಾಗ ಆ ನಗೆ ನಿಂತಿತು.

ನನಗಾಗ 8 ವರ್ಷ, ಅವಳಿಗೆ 4. ಸುಳ್ಯದ ಬಳಿಯ ನಮ್ಮ ಮನೆಯ ಬಚ್ಚಲಿನಲ್ಲಿ, ಅಮ್ಮ ಬೇಡವೆಂದರೂ ಕೇಳದೆ, ನಾನು ಹಂಡೆಯಿಂದ ಕುದಿಯುವ ನೀರನ್ನು ಮೊಗೆದೆ. ಕೈ ಸುಟ್ಟಿತು, ಚೆಂಬು ಜಾರಿತು. ಕೆಳಗೆ ಕುಳಿತಿದ್ದ ತಂಗಿಯ ತಲೆಯ ಮೇಲೆ ನೀರು ಬಿದ್ದಿತು. ಗಾಯ ಕೀವುಗಟ್ಟಿ ಬಹುಕಾಲದ ಮೇಲೆ ಮಾಯಿತು; ಎಡಗಿವಿಯ ಮೇಲೆ ಅಂಗೈಯಗಲದ ಜಾಗ ಮಾತ್ರ ನುಣ್ಣಗೆ ಉಳಿಯಿತು. ಅಮ್ಮ ಹಚ್ಚಿದ ಭೃಂಗರಾಜ ತೈಲಕ್ಕೆ ಲೆಕ್ಕವಿಲ್ಲ. ಕೇಳಿದವರಿಗೆ ತಂಗಿ, "ನಾನೇ ಹಂಡೆಗೆ ಕೈ ಹಾಕಿದ್ದು" ಎನ್ನುತ್ತಿದ್ದಳು. ಕಡಬಕ್ಕೆ ಸೊಸೆಯಾಗಿ ಹೋದ ಮೇಲೂ ಅದನ್ನೇ ಹೇಳಿದಳು. ನಾನು ತಿದ್ದಲಿಲ್ಲ.

ಕೊನೆಗೆ ಭಾವನ ಒತ್ತಾಯದಿಂದ ಮೂವರೂ ಮಂಗಳೂರಿನ ಚರ್ಮವೈದ್ಯರಲ್ಲಿಗೆ ಹೋದೆವು. ಗಾಯದ ಕಲೆಯಿರುವಲ್ಲಿ ಕೂದಲಿನ ಬೇರೇ ನಾಶವಾಗಿರುವುದರಿಂದ ಯಾವ ಎಣ್ಣೆಯೂ ಫಲಿಸದೆಂದು ಅವರು ವಿವರಿಸಿದರು. ತಲೆಯ ಹಿಂಭಾಗದಿಂದ ಬೇರುಸಹಿತ ಕೂದಲನ್ನು ತೆಗೆದು ನೆಡುವುದೊಂದು ದಾರಿ. ಜಪಾನಿನ ವೈದ್ಯ ಒಕುಡಾ ಇಂಥ ಕಲೆಗಳ ಮೇಲೆ ಕೂದಲನ್ನು ನೆಟ್ಟು 1939ರಲ್ಲೇ ವರದಿ ಬರೆದಿದ್ದರಂತೆ. ಯುದ್ಧದ ಗದ್ದಲದಲ್ಲಿ ಪಶ್ಚಿಮಕ್ಕೆ ಅದು ತಿಳಿಯಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ಓರೆಂಟ್ರೈಕ್ ಪ್ರಕಟಿಸಿದ ಲೇಖನದ ನಂತರ ಕೀರ್ತಿಯೆಲ್ಲ ಗಂಡಸರ ಬಕ್ಕತಲೆಗೆ ಸಂದಿತು!

"ಎಲ್ಲ ಕಲೆಗಳೂ ಒಂದೇ ಅಲ್ಲ," ಎಂದರು ವೈದ್ಯರು. "ಲೂಪಸ್, ಲೈಕನ್ ಪ್ಲೇನಸ್ ಮುಂತಾದ ರೋಗಗಳಲ್ಲಿ ದೇಹದೊಳಗಿನ ಉರಿಯೂತವೇ ಬೇರನ್ನು ಸುಡುತ್ತದೆ. ಚರ್ಮದ ಚೂರನ್ನು ಪರೀಕ್ಷಿಸಿ ರೋಗವನ್ನು ಗುರುತಿಸಬೇಕು; ಔಷಧದಿಂದ ಅದು ತಣಿದು ಒಂದೆರಡು ವರ್ಷವಾದರೂ ಸುಮ್ಮನಿದ್ದರೆ ಮಾತ್ರ ಕಸಿಯ ಯೋಚನೆ. ಇಲ್ಲವಾದರೆ ನೆಟ್ಟದ್ದೂ ಸುಟ್ಟುಹೋದೀತು. ನಿಮ್ಮದರಲ್ಲಿ ಬೆಂಕಿ ಎಂದೋ ಆರಿದೆ. ಆದರೂ ಕಲೆಯಲ್ಲಿ ರಕ್ತಸಂಚಾರ ಕಡಿಮೆ. ಮೊದಲು ಸ್ವಲ್ಪ ನೆಟ್ಟು ನೋಡೋಣ." ಅನಂತರ ಲೇಖನಿ ಹಿಡಿದು ಕೇಳಿದರು: "ಸುಟ್ಟದ್ದು ಹೇಗೆ?"

"ನಾನೇ ಹಂಡೆಗೆ..." ಎಂದು ತಂಗಿ ಆರಂಭಿಸಿದಳು.

"ಅಲ್ಲ. ನೀರು ಚೆಲ್ಲಿದವನು ನಾನು," ಎಂದೆ.

ಭಾವ ನನ್ನ ಮುಖ ನೋಡಿದರು. ವೈದ್ಯರು ತಲೆಯೆತ್ತದೆ ಬರೆದುಕೊಂಡರು. ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ. ಪುತ್ತೂರಿನಲ್ಲಿ ನಾನಿಳಿಯುವಾಗ ತಂಗಿ ಮೆಲ್ಲನೆ, "ಅಣ್ಣಾ, ಅದನ್ನು ಹೇಳದಿದ್ದರೆ ಆಗುತ್ತಿರಲಿಲ್ಲವೇ?" ಎಂದಳು. "ಆಗುತ್ತಿರಲಿಲ್ಲ" ಎಂದೆ.

ಪರೀಕ್ಷೆಗೆಂದು ನೆಟ್ಟ ಕೂದಲು ಮೂರನೆಯ ವಾರದಲ್ಲಿ ಉದುರತೊಡಗಿತು. ಹೀಗಾಗುವುದು ಸಹಜ, ಬೇರು ಒಳಗಿರುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರೂ ನನಗೆ ನಿದ್ರೆ ಬರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ತಂಗಿಯ ಫೋನು ಬಂತು: "ಅಣ್ಣಾ, ಕೈಗೆ ತಾಗುತ್ತದೆ!" ಮುಂದೆ ಇನ್ನೂ ಒಂದು ಸಲ ನೆಡಬೇಕಾಯಿತು. ಈಗಲೂ ಹತ್ತಿರದಿಂದ ನೋಡಿದರೆ ಕೂದಲ ನಡುವೆ ಕಲೆ ಕಾಣುತ್ತದೆ. ಕೆಲವು ಬೇರು ಹಿಡಿಯಲೇ ಇಲ್ಲ. ಆದರೆ ಗಾಳಿ ಬೀಸಿದಾಗ ಅವಳ ಎಡಗೈ ತಾನಾಗಿ ಕಿವಿಯ ಮೇಲಕ್ಕೆ ಹೋಗುವುದು ನಿಂತಿದೆ.

ಕಳೆದ ದೀಪಾವಳಿಗೆ ಎಲ್ಲರೂ ಸುಳ್ಯದ ಮನೆಯಲ್ಲಿ ಸೇರಿದ್ದೆವು. ಎಣ್ಣೆಸ್ನಾನದ ಗದ್ದಲದಲ್ಲಿ ತಂಗಿ ತನ್ನ ಮಗಳನ್ನು ಹಂಡೆಯಿಂದ ದೂರ ಎಳೆದು ಹೇಳಿದಳು: "ಅಲ್ಲಿ ನಿಲ್ಲಬೇಡ. ಚಿಕ್ಕಂದಿನಲ್ಲಿ ನಿನ್ನ ಮಾವ ನನ್ನ ತಲೆಗೆ ಬಿಸಿನೀರು ಚೆಲ್ಲಿಬಿಟ್ಟಿದ್ದ, ಗೊತ್ತೇ?"

ಹುಡುಗಿ ಕಣ್ಣರಳಿಸಿ ನನ್ನನ್ನು ನೋಡಿದಳು. ತಂಗಿ ನಗುತ್ತಿದ್ದಳು.