ದಪ್ಪಗಾದ ರಾಜಕುಮಾರ

ಮಗ ಅಗಲ ಪರದೆಯ ಮಾನಿಟರ್ ತಂದಾಗ ನಾನು ಕೇಳಿದ್ದು ಒಂದೇ: ‘ಪ್ರಿನ್ಸ್ ಆಫ್ ಪರ್ಷಿಯಾ ಹಾಕಿಕೊಡೋ.’ ತೀರಿಹೋದ ನನ್ನ ತಮ್ಮ 1990ರ ದಶಕದಲ್ಲಿ ಊಟ ಮರೆತು ಆಡುತ್ತಿದ್ದ ಆಟ. ಹಾಕಿಕೊಟ್ಟ. ಓಡಿಬಂದ ರಾಜಕುಮಾರ ಬೀಗರೂಟ ಮುಗಿಸಿ ಬಂದವನಂತಿದ್ದ! ‘ಇವನಲ್ಲ ಕಣೋ’ ಎಂದೆ.

ಆ ಚಿತ್ರ ಅಡ್ಡಕ್ಕೆ 320, ನಿಲುವಿಗೆ 200 ಚುಕ್ಕೆಗಳದ್ದಂತೆ. ಹಳೆಯ ಮಾನಿಟರು ಅದನ್ನು ನಾಲ್ಕಕ್ಕೆ ಮೂರರ ಅಳತೆಯಲ್ಲಿ ತೋರಿಸುತ್ತಿತ್ತು. ಹದಿನಾರಕ್ಕೆ ಒಂಬತ್ತರ ಪರದೆಗೆ ಎಳೆದರೆ ಮೈ ಹರಡದೆ ಇನ್ನೇನು? ಮಗ ಡಾಸ್‌ಬಾಕ್ಸ್‌ನ ಕಡತದಲ್ಲಿ ಒಂದೆರಡು ಸಾಲು ತಿದ್ದಿದ. ಸ್ವಲ್ಪ ಇಳಿದ, ಸಾಲದು. ಕೊನೆಗೆ ‘ಆಸ್ಪೆಕ್ಟ್’ ಎದುರಿಗೆ ‘ಟ್ರೂ’ ಎಂದು ಬರೆದ. 1920 ಚುಕ್ಕೆ ಅಗಲದ ಪರದೆಯಲ್ಲಿ ಚಿತ್ರ 1440ಕ್ಕೆ ನಿಂತಿತು. ಎರಡೂ ಪಕ್ಕಕ್ಕೆ ಕಪ್ಪು ಪಟ್ಟಿ. ‘ಇಷ್ಟು ಜಾಗ ದಂಡ’ ಎಂದು ಗೊಣಗಿದ. ಸೀರೆಗೆ ಅಂಚು ದಂಡವೇ?

1989ರಲ್ಲಿ ಈ ಆಟ ಹೊರತಂದ ಜೋರ್ಡನ್ ಮೆಕ್ನರ್ ತನ್ನ ಸ್ವಂತ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು ಆ ನಡಿಗೆಯನ್ನು ರಾಜಕುಮಾರನಿಗೆ ಕೊಟ್ಟನಂತೆ. ಯಾರದೋ ತಮ್ಮ, ಈಗ ಸರಿಯಾದ ಮೈಕಟ್ಟಿನಲ್ಲಿ, ನನ್ನೆದುರು ಓಡುತ್ತಿದ್ದ.

ಕಂದಕ ಬಂತು. ನನ್ನ ತಮ್ಮ ಇಲ್ಲಿ ಕುರ್ಚಿಯಲ್ಲೇ ಹೆಗಲೆತ್ತುತ್ತಿದ್ದ. ನಾನೂ ಎತ್ತಿದೆ. ರಾಜಕುಮಾರ ಮುಳ್ಳಿನ ಮೇಲೆ ಬಿದ್ದ.

‘ಇನ್ನೊಂದು ಸಲ ಹಾಕು’ ಎಂದೆ.