ಬೀಗದ ಕೈ ಒಬ್ಬರ ಬಳಿ ಸಾಲದು



ಕಾಸರಗೋಡಿನ ನಮ್ಮ ಹಿರಿಯರ ಹಳೆಯ ಫೋಟೊಗಳು, ಅವರು ಕನ್ನಡದಲ್ಲಿ ಹೇಳಿದ ನೆನಪುಗಳು ಇರುವ ವೆಬ್‌ಸೈಟನ್ನು ಈಗ ನಾವೇ ನೋಡಿಕೊಳ್ಳುತ್ತೇವೆ. ಮನೆಯ ಮಕ್ಕಳು ಮಲಯಾಳ, ಇಂಗ್ಲಿಷಿನ ಕಡೆ ಹೊರಳುತ್ತಿರುವಾಗ ಈ ಅಕ್ಷರಗಳಾದರೂ ಉಳಿಯಲಿ ಎಂಬುದು ನಮ್ಮ ಹಂಬಲ.

ಸಿಪ್ಯಾನೆಲ್ ಒಳಹೊಕ್ಕರೆ ಕೆಲಸವೆಲ್ಲ ಮನೆ ಕಾದಂತೆಯೇ. ಫೋಲ್ಡರಿಗೆ 755, ಫೈಲಿಗೆ 644 ಅನುಮತಿ ಸಾಮಾನ್ಯವಾಗಿ ಸಾಕು. 777 ಕೊಟ್ಟರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಡೇಟಾಬೇಸ್ ಯುಟಿಎಫ್8ಎಂಬಿ4 ಆಗಿರಬೇಕು. ಕನ್ನಡಕ್ಕೆ ಜಾಗವಿಲ್ಲದ ಹಳೆಯ ಲ್ಯಾಟಿನ್ ವ್ಯವಸ್ಥೆಗೆ ಸೇರಿಸಿದರೆ ಅಜ್ಜಿಯ ಹೆಸರು ಬರೀ ಪ್ರಶ್ನೆ ಚಿಹ್ನೆಗಳಾಗುತ್ತದೆ. ಅದನ್ನು ಮರಳಿ ಅಕ್ಷರ ಮಾಡಲಾಗದು. ಬ್ಯಾಕಪ್ಪನ್ನೂ ಅದೇ ಸರ್ವರಿನಲ್ಲಿಟ್ಟರೆ ಸರ್ವರ್ ಕೆಟ್ಟ ದಿನ ಎರಡೂ ಹೋಗುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ಇಳಿಸಿ, ಎರಡು ಮನೆಗಳಲ್ಲಿ ಇಡುತ್ತೇವೆ.

ಯಂತ್ರಕ್ಕಿಂತ ದೊಡ್ಡ ಚಿಂತೆ ಬೇರೆಯಿದೆ. ಓದು ಮುಗಿಸಿದವರು ಬೆಂಗಳೂರಿಗೋ ಗಲ್ಫಿಗೋ ಹೊರಡುತ್ತಾರೆ. ಪಾಸ್‌ವರ್ಡ್ ಒಬ್ಬರೊಂದಿಗೇ ಹೋದರೆ, ಡೊಮೈನ್ ನವೀಕರಣದ ಸೂಚನೆ ಯಾರೂ ತೆರೆಯದ ಇಮೇಲಿಗೆ ಬಂದು ಬೀಳುತ್ತದೆ. ಹಾಗಾಗಿ ಮೂವರಿಗೆ ಪ್ರವೇಶ ಕೊಟ್ಟಿದ್ದೇವೆ, ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇವೆ.

ಮೂವರಲ್ಲಿ ಇಬ್ಬರು ಈ ವರ್ಷ ಊರು ಬಿಡುತ್ತಾರೆ. ಹತ್ತನೇ ತರಗತಿಯ ತಮ್ಮ ತಂಗಿಯರೇ, ಒಂದು ಭಾನುವಾರ ನಮ್ಮ ಜೊತೆ ಕುಳಿತು ಕಲಿಯಿರಿ.